ಮುಟ್ಟಿದ್ದಕ್ಕೊಂದು ಚಪ್ಪಾಳೆ

ಹೋದ ವರ್ಷ ದೀಪಾವಳಿಗೆ ದೆಹಲಿಯಿಂದ ಹುಬ್ಬಳ್ಳಿಗೆ ಬರುವಾಗ ವಿಮಾನದ ಹಿಂದಿನ ಸಾಲುಗಳ ತುಂಬ ಕಾಶಿಯಾತ್ರೆ ಮುಗಿಸಿಕೊಂಡು ಊರಿಗೆ ಮರಳುತ್ತಿದ್ದ ಹೆಣ್ಣುಮಕ್ಕಳಿದ್ದರು. ಇಳಕಲ್ ಸೀರೆ, ಕೊರಳಲ್ಲಿ ಯಾತ್ರೆಗೆ ಕರೆದೊಯ್ದವರು ಕೊಟ್ಟ ಹಳದಿ ಚೀಟಿ, ಕಿಟಕಿ ಪಕ್ಕದ ಸೀಟಿಗೆ ಅರ್ಧರ್ಧ ತಾಸಿನ ಪಾಳಿ. ಹುಬ್ಬಳ್ಳಿ ಹತ್ತಿರ ಬಂದು ಮೋಡದೊಳಗೆ ಇಳಿಯುವಾಗ ವಿಮಾನ ನಾಲ್ಕಾರು ಸಲ ಕುಲುಕಿತು. ಅಲ್ಲಿಯ ತನಕ ನಡೆದಿದ್ದ ಮಾತೆಲ್ಲ ನಿಂತು, ಯಾರೋ ಒಬ್ಬರು ಮೆಲ್ಲಗೆ ಶಿವನಾಮ ಹಿಡಿದರು. ಗಾಲಿ ನೆಲಕ್ಕೆ ಬಡಿದು, ಮೈ ಮುಂದಕ್ಕೆ ಜಗ್ಗಿ, ವೇಗ ಇಳಿದ ಮೇಲೆ ಹಿಂದಿನಿಂದ ಚಪ್ಪಾಳೆ ಶುರುವಾಯಿತು. ಒಂದು ಜೊತೆ ಕೈ, ಆಮೇಲೆ ಹತ್ತು, ಆಮೇಲೆ ಎಲ್ಲರದೂ.

ನನ್ನ ಮುಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ಚೀಲ ಹಿಡಿದ ಇಬ್ಬರು ಹುಡುಗರು ಮುಖ ಮುಖ ನೋಡಿಕೊಂಡರು. "ಫಸ್ಟ್ ಟೈಮ್" ಎಂದ ಒಬ್ಬ. ಇನ್ನೊಬ್ಬ ನಕ್ಕ. ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ನಾನೂ ನಕ್ಕೆ. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಆಗಲೇ ಫೋನಿನಲ್ಲಿ ಊರಿಗೆ ಕೂಗುತ್ತಿದ್ದರು: "ಹೂಂ ಯಪ್ಪಾ, ಮುಟ್ಟೀವಿ. ಈಗರೆ ಮುಟ್ಟೀವಿ."

ನಾವು ಮೂವರು ನಕ್ಕ ಆ ನಗೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಅದೊಂದು ಸಣ್ಣ ವಿಮರ್ಶೆಯಾಗಿತ್ತು. ಆ ಚಪ್ಪಾಳೆಯನ್ನು ಕೇಳಿ, ಅಳೆದು, ಕೆಳಗಿನ ದರ್ಜೆಗೆ ಹಾಕಿದ್ದೆವು. ಆ ಅಳತೆ ಸರಿಯಿತ್ತೇ ಎಂದು ನೋಡುವುದು ಈ ಬರಹದ ಕೆಲಸ.

ವಿಮಾನ ಇಳಿದಾಗ ಚಪ್ಪಾಳೆ ತಟ್ಟುವವರನ್ನು ಗೇಲಿ ಮಾಡುವುದು ಜಗತ್ತಿನಾದ್ಯಂತ ಇರುವ ಚಾಳಿ. ಗೇಲಿಯ ವಾದವೂ ಎಲ್ಲ ಕಡೆ ಒಂದೇ. ಸಂಬಳ ತೆಗೆದುಕೊಂಡು ತನ್ನ ಕೆಲಸ ಮಾಡಿದವನಿಗೆ ಚಪ್ಪಾಳೆ ಯಾಕೆ? ಚಾರ್ಮಾಡಿ ಘಾಟಿ ಇಳಿಸಿದ ಬಸ್ ಡ್ರೈವರಿಗೆ ತಟ್ಟುತ್ತೀರಾ? ಹಲ್ಲು ಕಿತ್ತ ಡಾಕ್ಟರಿಗೆ ತಟ್ಟುತ್ತೀರಾ? ಈ ವಾದ ಒಂದು ಸಂಗತಿಯನ್ನು ಕೇಳದೆಯೇ ಒಪ್ಪಿಕೊಂಡಿದೆ: ಚಪ್ಪಾಳೆ ಎಂದರೆ ಮೆಚ್ಚುಗೆ, ಮತ್ತು ಈ ಮೆಚ್ಚುಗೆ ಪೈಲಟ್‌ಗೆ. ಹಾಗೆಂದೇ ಇಟ್ಟುಕೊಂಡು ಪರೀಕ್ಷೆ ಮಾಡೋಣ.

ಮೊದಲನೆಯದಾಗಿ, ಪೈಲಟ್‌ಗೆ ಅದು ಕೇಳಿಸುವುದೇ ಕಷ್ಟ. 2001ರ ಸೆಪ್ಟೆಂಬರ್ 11ರ ನಂತರ ದೊಡ್ಡ ಪ್ರಯಾಣಿಕ ವಿಮಾನಗಳ ಕಾಕ್‌ಪಿಟ್ ಬಾಗಿಲು ಗುಂಡಿಗೂ ಜಗ್ಗದಂತೆ ಗಟ್ಟಿಯಾಯಿತು, ಹಾರಾಟದ ಉದ್ದಕ್ಕೂ ಒಳಗಿನಿಂದ ಬೀಗ ಬಿದ್ದಿರುತ್ತದೆ. ನೆಲ ಮುಟ್ಟಿದ ಹೊತ್ತಿಗೆ ಎಂಜಿನ್ ಗಾಳಿಯನ್ನು ಮುಂದಕ್ಕೆ ದಬ್ಬುತ್ತ ಅಬ್ಬರಿಸುತ್ತಿರುತ್ತದೆ. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡ ಇಬ್ಬರೂ ಬ್ರೇಕು, ರನ್‌ವೇಯಿಂದ ಹೊರಳುವ ದಾರಿ, ಟವರಿನ ಮಾತು, ಇವುಗಳಲ್ಲಿ ಮುಳುಗಿರುತ್ತಾರೆ.

ಎರಡನೆಯದಾಗಿ, ನಮಗೆ ಲ್ಯಾಂಡಿಂಗ್ ಅಳೆಯಲು ಬರುವುದಿಲ್ಲ. ಬೆಣ್ಣೆಯ ಹಾಗೆ ಕೂತರೆ ಒಳ್ಳೆಯ ಪೈಲಟ್, ಧಡ್ ಎಂದರೆ ಕೆಟ್ಟವನು ಎಂಬುದು ನಮ್ಮ ಲೆಕ್ಕ. ಮಳೆಗೆ ನೆಂದ ರನ್‌ವೇಯಲ್ಲಿ ಮೆತ್ತಗೆ ಕೂರಿಸಲು ಹೋದರೆ ಗಾಲಿ ನೀರಿನ ಪದರದ ಮೇಲೆ ಜಾರಬಹುದು. ಆ ಪದರವನ್ನು ಒಡೆದು ಗಾಲಿ ನೆಲ ಹಿಡಿಯಲೆಂದು ಅಲ್ಲಿ ಗಟ್ಟಿಯಾಗಿಯೇ ಕೂರಿಸಬೇಕು. ನಾವು ಹಲ್ಲು ಕಚ್ಚಿದ ಲ್ಯಾಂಡಿಂಗು ಅವತ್ತಿನ ಹವೆಗೆ ತಕ್ಕ ಲ್ಯಾಂಡಿಂಗ್ ಆಗಿದ್ದಿರಬಹುದು.

ಇದೇ ಅಜ್ಞಾನ ಗೇಲಿ ಮಾಡುವವರಲ್ಲೂ ಇದೆ. "ಎಲ್ಲಾ ಕಂಪ್ಯೂಟರೇ ಇಳಿಸೋದು" ಎನ್ನುತ್ತಾರೆ. ಬಹುಪಾಲು ಲ್ಯಾಂಡಿಂಗ್‌ಗಳನ್ನು ಇಂದಿಗೂ ಮನುಷ್ಯರ ಕೈಯೇ ಮಾಡುತ್ತದೆ. ವಿಮಾನ ತಾನಾಗಿ ಇಳಿಯುವ ವ್ಯವಸ್ಥೆ ಮುಖ್ಯವಾಗಿ ಡಿಸೆಂಬರ್-ಜನವರಿಯ ದೆಹಲಿಯಂಥ ದಟ್ಟ ಮಂಜಿನ ಹೊತ್ತಿಗೆ ಇರುವುದು.

ಹೀಗೆ ಮೆಚ್ಚುಗೆ ಎಂದು ನೋಡಿದರೆ ಈ ಚಪ್ಪಾಳೆ ಗುರಿ ತಪ್ಪಿದ್ದು. ಕೇಳಬೇಕಾದವರಿಗೆ ಕೇಳಿಸುವುದಿಲ್ಲ, ತಟ್ಟುವವರಿಗೆ ಕೆಲಸ ಗೊತ್ತಿಲ್ಲ. ನಗುವವರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಒಂದು ಕ್ರಿಯೆ ತನ್ನ ಗುರಿಯನ್ನು ಇಷ್ಟು ಪೂರ್ತಿಯಾಗಿ ತಪ್ಪುತ್ತಿದ್ದರೆ, ಅದಕ್ಕೆ ಆ ಗುರಿಯನ್ನು ಕೊಟ್ಟವರು ನಾವೇ ಇರಬೇಕು ಎಂಬ ಅನುಮಾನ ಬರಬೇಡವೇ?

ನಮ್ಮಲ್ಲಿ ಕೈ ತಟ್ಟುವುದಕ್ಕೆ ಎರಡು ಮನೆಗಳಿವೆ. ಒಂದು ರಂಗಮಂದಿರ. ಕಂಪನಿ ನಾಟಕದಲ್ಲಿ ಹಾಡು ಮೆಚ್ಚಿದವರು ಚಪ್ಪಾಳೆ ತಟ್ಟಿ, ಒನ್ಸ್ ಮೋರ್ ಎಂದು ಕೂಗುತ್ತಿದ್ದರು. ಅಲ್ಲಿ ತಟ್ಟುವವನು ಕೆಳಗೆ, ತಟ್ಟಿಸಿಕೊಳ್ಳುವವನು ಮೇಲೆ, ನಡುವೆ ಬೆಳಕಿನ ಗೆರೆ. ಇನ್ನೊಂದು ಭಜನೆ. ಭಜನೆಯಲ್ಲಿ ಕೈ ತಟ್ಟುವುದು ಯಾರ ಮೆಚ್ಚುಗೆಗೂ ಅಲ್ಲ. ಹಾಡಲು ಬಾರದವನು, ಪದ ಮರೆತವನು, ತಡವಾಗಿ ಬಂದು ಬಾಗಿಲ ಹತ್ತಿರ ಕೂತವನು ಕೂಡ ಕೈ ತಟ್ಟಿ ಒಳಗೆ ಸೇರಿಕೊಳ್ಳುತ್ತಾನೆ. ಚಪ್ಪಾಳೆ ಅಲ್ಲಿ ತಾಳ. ನಾನೂ ಇಲ್ಲಿದ್ದೇನೆ ಎಂದು ಹೇಳುವ ಅತಿ ಅಗ್ಗದ ವಾದ್ಯ.

ಹುಬ್ಬಳ್ಳಿಯಲ್ಲಿ ಕೇಳಿದ ಚಪ್ಪಾಳೆ ಎರಡನೆಯ ಮನೆಯದು ಎಂದು ನನಗೀಗ ಅನ್ನಿಸುತ್ತದೆ. ಶಿವನಾಮ ಎಲ್ಲಿ ನಿಂತಿತೋ ಅಲ್ಲಿಂದ ಕೈ ಎತ್ತಿಕೊಂಡಿತು. ಮೂವರು ನಕ್ಕವರು ಅದನ್ನು ರಂಗಮಂದಿರದ ಚಪ್ಪಾಳೆ ಎಂದು ತಿಳಿದು ತಪ್ಪು ಓದಿದ್ದೆವು.

ಈ ಓದಿಗೆ ದೂರದ ಒಂದು ಊರಿನ ಸಾಕ್ಷಿ ಬೇಕು. ಚಪ್ಪಾಳೆ ಎಲ್ಲ ಕಡೆ ಒಂದೇ ಬಗೆಯದಲ್ಲ. ಜರ್ಮನಿಯಿಂದ ಮಯೋರ್ಕಾ ದ್ವೀಪಕ್ಕೆ ರಜೆಗೆ ಹೋಗುವವರ ಚಪ್ಪಾಳೆಯ ಬಗ್ಗೆ ಜರ್ಮನ್ನರೇ ಜೋಕು ಮಾಡಿಕೊಳ್ಳುತ್ತಾರೆ. ಅದು ರಜೆ ಶುರುವಾಯಿತು ಎಂಬ ಚಪ್ಪಾಳೆ. ಟೆಲ್ ಅವೀವ್‌ನಲ್ಲಿ ಇಳಿಯುವಾಗಲೂ ತಟ್ಟುವ ರೂಢಿಯಿದೆ. ಅದರ ಭಾವ ಬೇರೆ. ಈ ರೂಢಿಗೆ ಹೆಸರಾದ ಇನ್ನೊಂದು ಊರು ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ರಾಜಧಾನಿ ಸಾನ್ ಹುವಾನ್. ನ್ಯೂಯಾರ್ಕ್‌ನಿಂದ ಬಂದ ವಿಮಾನ ಅಲ್ಲಿ ನೆಲ ಮುಟ್ಟಿದರೆ ಚಪ್ಪಾಳೆ ಬೀಳುತ್ತದೆ. ತಟ್ಟುವವರಲ್ಲಿ ನೂರು ಸಲ ಹಾರಿದವರೂ ಇರುತ್ತಾರೆ. "ಫಸ್ಟ್ ಟೈಮ್" ಎಂಬ ನಮ್ಮ ಹುಡುಗರ ವಿವರಣೆ ಅಲ್ಲಿ ನಡೆಯುವುದಿಲ್ಲ.

ಪೋರ್ಟೊ ರಿಕೊ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಹೋದದ್ದು 1898ರಲ್ಲಿ. 1917ರಲ್ಲಿ ಅಲ್ಲಿನ ಜನರಿಗೆ ಅಮೆರಿಕದ ಪೌರತ್ವ ಸಿಕ್ಕಿತು. ಎರಡನೆಯ ಮಹಾಯುದ್ಧದ ನಂತರ ದ್ವೀಪದಲ್ಲಿ ಕಬ್ಬಿನ ಬೇಸಾಯ ಸೊರಗಿ, ಸರ್ಕಾರ ಕಾರ್ಖಾನೆಗಳನ್ನು ತಂದಿತು. ಕಾರ್ಖಾನೆಗಳಲ್ಲಿ ಹಿಡಿಸದಷ್ಟು ಜನ ಕೆಲಸ ಕಳೆದುಕೊಂಡಿದ್ದರು. ಉಳಿದ ದಾರಿ ನ್ಯೂಯಾರ್ಕ್. 1950ರಲ್ಲಿ ದ್ವೀಪದ ಜನಸಂಖ್ಯೆ ಸುಮಾರು 22 ಲಕ್ಷ. ಆ ಒಂದು ದಶಕದಲ್ಲೇ 4 ಲಕ್ಷಕ್ಕೂ ಹೆಚ್ಚು ಜನ ಹೊರಟರು. ಅವರಿಗಿಂತ ಹಿಂದೆ ಅಮೆರಿಕಕ್ಕೆ ಹೋದ ಐರಿಷರು, ಇಟಾಲಿಯನ್ನರು ಹಡಗಿನಲ್ಲಿ ಹೋಗಿದ್ದರು. ಇವರು ವಿಮಾನದಲ್ಲಿ ಹೋದರು. ಇಷ್ಟು ದೊಡ್ಡ ಸಂಖ್ಯೆಯ ಬಡವರು ಆಕಾಶಮಾರ್ಗವಾಗಿ ವಲಸೆ ಹೋದದ್ದು ಜಗತ್ತು ಆತನಕ ಕಾಣದ ಸಂಗತಿ.

ಆ ವಿಮಾನಗಳು ನಾವು ಬಲ್ಲ ವಿಮಾನಗಳಲ್ಲ. ಯುದ್ಧದಲ್ಲಿ ದುಡಿದು ಹಳತಾದವು, ಅಗ್ಗದ ಟಿಕೆಟ್ಟಿನವು, ಸಮುದ್ರದ ಮೇಲೆ 2,600 ಕಿಲೋಮೀಟರ್ ಹಾರಬೇಕಾದವು. 1950ರ ಜೂನ್‌ನಲ್ಲಿ ಮಿಷಿಗನ್‌ನ ಬೀಟ್‌ರೂಟ್ ಸಕ್ಕರೆ ಹೊಲಗಳಿಗೆ ಕೂಲಿಗಳನ್ನು ಒಯ್ಯುತ್ತಿದ್ದ ವಿಮಾನವೊಂದು ಅಟ್ಲಾಂಟಿಕ್‌ಗೆ ಬಿದ್ದು 28 ಜನ ಸತ್ತರು. 1952ರ ಏಪ್ರಿಲ್ 11, ಗುಡ್ ಫ್ರೈಡೇ ದಿನ, ಸಾನ್ ಹುವಾನ್‌ನಿಂದ ನ್ಯೂಯಾರ್ಕ್‌ಗೆ ಹೊರಟ ಪ್ಯಾನ್ ಆಮ್ ವಿಮಾನ ಏರಿದ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕೈಕೊಟ್ಟು ನೀರಿಗಿಳಿಯಿತು. ಒಳಗಿದ್ದ 69 ಜನರಲ್ಲಿ 52 ಜನ ಸತ್ತರು. ನೀರಿಗಿಳಿದ ಮೇಲೂ ವಿಮಾನ ಸ್ವಲ್ಪ ಹೊತ್ತು ತೇಲಿತ್ತು. ಲೈಫ್ ಜಾಕೆಟ್ ಎಲ್ಲಿದೆ, ಹೊರಗೆ ಹೋಗುವ ದಾರಿ ಯಾವುದು ಎಂದು ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಸಮುದ್ರ ದಾಟುವ ಪ್ರಯಾಣಿಕರಿಗೆ ಹಾರುವ ಮೊದಲೇ ಇವನ್ನೆಲ್ಲ ತಿಳಿಸಬೇಕು ಎಂಬ ಶಿಫಾರಸು ಆ ದುರಂತದ ನಂತರ ಬಂತು. ಇಂದು ನಾವು ಮೊಬೈಲ್ ನೋಡುತ್ತ ಕಿವಿಗೊಡದೆ ಕೂರುವ ಆ ಸೂಚನೆಗಳ ಹಿಂದೆ ಕೂಲಿಗೆ, ಕೆಲಸಕ್ಕೆ ಹೊರಟ ಪೋರ್ಟೊ ರಿಕನ್ನರ ಸಾವುಗಳೂ ಇವೆ.

ಇಂಥ ದಾರಿಯಲ್ಲಿ ಹೋಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಇಳಿದಾಗ ಕೈ ತಟ್ಟಿದರೆ ಅದನ್ನು ಹಳ್ಳಿಗಮಾರತನ ಎನ್ನುವುದು ಹೇಗೆ? ಗಾಲಿ ನೆಲ ಮುಟ್ಟುವುದು ಎಲ್ಲರಿಗೂ ಖಾತರಿಯಾಗಿರದ ಕಾಲವೊಂದು ಅವರ ಮನೆಯ ಕತೆಗಳಲ್ಲಿದೆ.

ಈ ಜನರ ವಿಮಾನದ ಬಗ್ಗೆ ಅಲ್ಲಿನ ದೊಡ್ಡ ಲೇಖಕ ಲೂಯಿಸ್ ರಾಫಾಯೆಲ್ ಸಾಂಚೆಸ್ 1983ರಲ್ಲಿ ಒಂದು ಪ್ರಬಂಧ ಬರೆದರು. ಹೆಸರು 'ಲಾ ಗ್ವಾಗ್ವಾ ಆಯೆರೆಯಾ'. ಗ್ವಾಗ್ವಾ ಎಂದರೆ ಕೆರಿಬಿಯನ್ ಸ್ಪ್ಯಾನಿಷ್‌ನಲ್ಲಿ ಬಸ್ಸು. ಹಾರುವ ಬಸ್ಸು ಎಂದು ಕನ್ನಡಿಸಬಹುದು. 1976ರಲ್ಲಿ ಅವರಿಗೆ ಹೆಸರು ತಂದ ಕಾದಂಬರಿಯ ನಡುವೆ ಇದ್ದದ್ದು ಸಾನ್ ಹುವಾನ್‌ನ ಒಂದು ಟ್ರಾಫಿಕ್ ಜಾಮ್. ನಿಂತ ವಾಹನಗಳಿಂದ ಹಾರುವ ವಾಹನಕ್ಕೆ ಬಂದ ಈ ಲೇಖಕನಿಗೆ ಒಂದು ಜನಾಂಗವನ್ನು ನೋಡಲು ವಾಹನದ ಒಳಗು ಒಳ್ಳೆಯ ಜಾಗ ಎಂದು ಚೆನ್ನಾಗಿ ಗೊತ್ತು.

ಪ್ರಬಂಧ ಒಂದು ಕಿರುಚಾಟದಿಂದ ಶುರುವಾಗುತ್ತದೆ. ಸಾನ್ ಹುವಾನ್‌ನಿಂದ ನ್ಯೂಯಾರ್ಕ್‌ಗೆ ಹೋಗುವ ರಾತ್ರಿ ವಿಮಾನ. ಹೊಂಬಣ್ಣದ ಕೂದಲಿನ ಗಗನಸಖಿ ಕಿರುಚಿಕೊಳ್ಳುತ್ತಾಳೆ. ವಿಮಾನವೆಲ್ಲ ಒಂದು ಕ್ಷಣ ಹೆಪ್ಪುಗಟ್ಟುತ್ತದೆ. ನೋಡಿದರೆ ಸೀಟುಗಳ ನಡುವಿನ ಹಾದಿಯಲ್ಲಿ ಏಡಿ ಹರಿದಾಡುತ್ತಿದೆ. ನ್ಯೂಯಾರ್ಕ್‌ನಲ್ಲಿರುವ ತಮ್ಮವರಿಗೆಂದು ಯಾರೋ ಕಟ್ಟಿಕೊಂಡು ಹೊರಟಿದ್ದು ತಪ್ಪಿಸಿಕೊಂಡಿದೆ. ಹೆದರಿಕೆ ಹೋಗಿ ನಗು ಸಿಡಿಯುತ್ತದೆ, ನಗು ಸಾಲಿನಿಂದ ಸಾಲಿಗೆ ದಾಟುತ್ತದೆ. ಆ ನಗುವಿನ ನಂತರ ಅಪರಿಚಿತರು ಅಪರಿಚಿತರಾಗಿ ಉಳಿಯುವುದಿಲ್ಲ. ಕೆಲಸದ ಕತೆ, ಕಾಯಿಲೆಯ ಕತೆ, ಅಲ್ಲಿ ಇರಲಾರದೆ ಇಲ್ಲಿ ಬಂದು, ಇಲ್ಲಿ ಇರಲಾರದೆ ಅಲ್ಲಿಗೆ ಹೋಗುವವರ ಕತೆ.

ಉಪ್ಪಿನಕಾಯಿ ಜಾಡಿ, ಶೇಂಗಾ ಚಟ್ನಿ, ಖಡಕ್ ರೊಟ್ಟಿಯ ಡಬ್ಬಿಗಳನ್ನು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ತುರುಕಿದ ಯಾರಿಗೂ ಈ ಏಡಿಯನ್ನು ವಿವರಿಸಬೇಕಾಗಿಲ್ಲ.

ಪ್ರಬಂಧದ ಇನ್ನೊಂದು ಗಳಿಗೆ ನನಗೆ ಅದಕ್ಕಿಂತ ಮುಖ್ಯ. ಪಕ್ಕದ ಸೀಟಿನ ಹೆಂಗಸು ಲೇಖಕನನ್ನು ಮಾತಿಗೆಳೆಯುತ್ತಾಳೆ. ಮಾತಿನಲ್ಲಿ ತಾನು ಪೋರ್ಟೊ ರಿಕೊದವಳೇ ಎಂದು ತಿಳಿಸುತ್ತಾಳೆ. ಅಲ್ಲಿ ಯಾವೂರು ಎಂದರೆ ನ್ಯೂಯಾರ್ಕ್ ಎನ್ನುತ್ತಾಳೆ. ಇದು ಹಾಸ್ಯ. ಆದರೆ ಆಕೆಗೆ ಭೂಗೋಳ ಬಾರದು ಎಂಬ ಹಾಸ್ಯವಲ್ಲ. ನಕಾಶೆ ಮಾಡಿದವರಿಗಿಂತ ಆಕೆಗೇ ತನ್ನ ನಾಡು ಎಲ್ಲಿಯವರೆಗೆ ಹಬ್ಬಿದೆ ಎಂದು ಹೆಚ್ಚು ಗೊತ್ತು. ಇವತ್ತು ದ್ವೀಪದಲ್ಲಿರುವ ಪೋರ್ಟೊ ರಿಕನ್ನರಿಗಿಂತ ಅಮೆರಿಕದ ಉಳಿದ ಭಾಗಗಳಲ್ಲಿರುವವರೇ ಹೆಚ್ಚು. ಆಕೆಯ ಉತ್ತರ ಈಗ ಜನಗಣತಿಯೂ ಹೇಳುವ ಮಾತು. ಪ್ರಬಂಧ ಮುಗಿಯುವ ಹೊತ್ತಿಗೆ ನಾಡು ಎನ್ನುವುದು ಎರಡು ದಡಗಳ ನಡುವೆ ತೇಲುತ್ತಿರುವ ವಸ್ತುವಾಗಿದೆ.

ಈ ಪ್ರಬಂಧವನ್ನು ಬರೀ ಹೊಗಳಿ ಮುಂದೆ ಹೋಗಲಾರೆ. ಆ ನಗುವಿಗೆ ಒಬ್ಬ ಬಲಿಪಶು ಇದ್ದಾಳೆ. ಏಡಿಗೆ ಹೆದರಿದ ಗಗನಸಖಿ ಅಲ್ಲಿ ಹೊರಗಿನವಳು. ಆಕೆಯ ಹೆದರಿಕೆಯ ಮೇಲೆ ಉಳಿದವರ ಒಗ್ಗಟ್ಟು ನಿಂತಿದೆ. ದಿನವಿಡೀ ಇನ್ನೊಬ್ಬರ ಊರಿನಲ್ಲಿ ತಗ್ಗಿ ನಡೆದ ಜನ ಒಂದು ರಾತ್ರಿ ತಮ್ಮವರ ನಡುವೆ ತಲೆಯೆತ್ತಿ ನಕ್ಕರೆ ಅದು ಅರ್ಥವಾಗುತ್ತದೆ. ಆದರೂ ಯಾರನ್ನಾದರೂ ಹೊರಗಿಟ್ಟೇ ಕೂಡಿಕೊಳ್ಳುವ ನಗುವಿಗಿಂತ ನನಗೆ ಇಳಿದಾಗಿನ ಚಪ್ಪಾಳೆ ಹೆಚ್ಚು ಹಿಡಿಸುತ್ತದೆ. ಚಪ್ಪಾಳೆಗೆ ಹೊರಗಿನವಳು ಬೇಕಾಗಿಲ್ಲ. ಗಗನಸಖಿಯೂ ತಟ್ಟಬಹುದು. ಅವಳೂ ಬದುಕಿ ನೆಲ ಮುಟ್ಟಿದ್ದಾಳೆ.

ಹಾಗೆಂದು ಚಪ್ಪಾಳೆ ಎಲ್ಲರದೂ ಆಗಲೇಬೇಕೆಂದೇನೂ ಇಲ್ಲ. ಹೊರನಾಡಿನಲ್ಲಿರುವವರು ಟಿಕೆಟ್ಟಿನ ಬೆಲೆ ನೋಡದೆ ಹತ್ತುವ ವಿಮಾನ ಯಾವುದು ಎಂದು ಈ ಪತ್ರಿಕೆಯ ಓದುಗರಿಗೆ ಗೊತ್ತು. ರಾತ್ರಿ ಫೋನ್ ಬಂದು ಬೆಳಗಿನ ವಿಮಾನಕ್ಕೆ ಓಡಿರುತ್ತೇವೆ. ಅಂಥವನ ಪಕ್ಕದಲ್ಲಿ ಚಪ್ಪಾಳೆ ಬಿದ್ದರೆ ಅವನಿಗೆ ಏನಾಗಬೇಕು? ತಟ್ಟದವರೆಲ್ಲ ಗರ್ವಿಷ್ಠರಲ್ಲ. ತಟ್ಟಿದವರನ್ನು ನೋಡಿ ನಗುವುದಷ್ಟೇ ಇಲ್ಲಿ ನನ್ನ ತಕರಾರು.

ಈಗ ಬಸ್ ಡ್ರೈವರಿನ ಪ್ರಶ್ನೆಗೆ ಬರುತ್ತೇನೆ. ಘಾಟಿ ಇಳಿಸಿದವನಿಗೆ ನಾವು ಚಪ್ಪಾಳೆ ತಟ್ಟುವುದಿಲ್ಲ, ನಿಜ. ಬಸ್ಸಿನಲ್ಲಿ ನಮಗೆ ಡ್ರೈವರಿನ ಬೆನ್ನು ಕಾಣುತ್ತದೆ, ರಸ್ತೆ ಕಾಣುತ್ತದೆ, ಹೋಲ್ಡಾನ್ ಎಂದು ಕೂಗಲು ಬಾಯಿದೆ. ವಿಮಾನದಲ್ಲಿ ಪಕ್ಕಕ್ಕೆ ಮಾತ್ರ ಕಿಟಕಿ. ಎತ್ತ ಹೋಗುತ್ತಿದ್ದೇವೆ ಎಂದು ಕಾಣದೆ, ಕೈಗೆ ಏನೂ ಕೆಲಸವಿಲ್ಲದೆ ಬೆಲ್ಟು ಕಟ್ಟಿಕೊಂಡು ಕೂತಿರುತ್ತೇವೆ. ಅಷ್ಟು ಹೊತ್ತು ಸುಮ್ಮನಿದ್ದ ಕೈಗಳಿಗೆ ಸಿಗುವ ಮೊದಲ ಕೆಲಸವೇ ಚಪ್ಪಾಳೆ. ಬಸ್ಸು-ರೈಲಿನಲ್ಲೂ ನಾವು ಪೂರ್ತಿ ಸುಮ್ಮನಿರುವವರಲ್ಲ. ತುಂಗಭದ್ರೆಯೋ ಕೃಷ್ಣೆಯೋ ಬಂದಾಗ ಕಿಟಕಿಯಿಂದ ನಾಣ್ಯ ಎಸೆದ ಕೈಗಳು ಎಷ್ಟಿಲ್ಲ! ಆ ನಾಣ್ಯ ಸೇತುವೆ ಕಟ್ಟಿದ ಎಂಜಿನಿಯರಿಗೆ ಸಂದಾಯವೇ ಎಂದು ಯಾರೂ ಕೇಳುವುದಿಲ್ಲ.

ಇಳಿಯುವ ಹೊತ್ತಿನ ಹೆದರಿಕೆ ಹುಸಿಯೂ ಅಲ್ಲ. ಇಂದಿನ ವಿಮಾನಯಾನ ಅತಿ ಸುರಕ್ಷಿತ. ಆದರೂ ಹಾರಾಟದ ಒಟ್ಟು ಸಮಯದಲ್ಲಿ ನೂರಕ್ಕೆ ನಾಲ್ಕೈದು ಪಾಲು ಮಾತ್ರ ಹಿಡಿಯುವ ಕೊನೆಯ ಇಳಿತ ಮತ್ತು ಲ್ಯಾಂಡಿಂಗ್‌ನಲ್ಲೇ ಪ್ರಾಣಹಾನಿಯ ಅಪಘಾತಗಳ ಹತ್ತಿರ ಹತ್ತಿರ ಅರ್ಧ ಸಂಭವಿಸುತ್ತವೆ. ಇದನ್ನು ಕರಾವಳಿಯವರಿಗೆ ಅಂಕಿಗಳಲ್ಲಿ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಬಜಪೆಯಲ್ಲಿ ನೆಲ ಮುಟ್ಟಿತ್ತು. ಆದರೆ 8,000 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಮುಟ್ಟಿತ್ತು. ಗುಡ್ಡದ ನೆತ್ತಿಯ ಆ ರನ್‌ವೇ ಮುಗಿದುಹೋಗಿ ವಿಮಾನ ಕೆಳಗಿನ ಕಮರಿಗೆ ಬಿತ್ತು. 158 ಜನ ಸತ್ತರು, ಬದುಕಿದವರು 8 ಜನ. ಗಲ್ಫ್‌ನಲ್ಲಿ ದುಡಿಯುತ್ತಿದ್ದವರು, ಅವರ ಹೆಂಡತಿ ಮಕ್ಕಳು, ಮದುವೆ-ಮರಣಗಳಿಗೆಂದು ಊರಿಗೆ ಹೊರಟವರು. ಹೊರಗೆ ಕಾಯುತ್ತಿದ್ದವರಿಗೆ ಕೆಲವು ನಿಮಿಷಗಳ ದಾರಿ ಉಳಿದಿತ್ತು.

ಇಲ್ಲಿ ನಮ್ಮ ಭಾಷೆಯ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಉತ್ತರ ಕರ್ನಾಟಕದಲ್ಲಿ ತಲುಪುವುದಕ್ಕೆ ಮುಟ್ಟುವುದು ಎನ್ನುತ್ತೇವೆ. ಸಂಜೆಗೆ ಊರು ಮುಟ್ಟಿದೆ, ಪತ್ರ ಮುಟ್ಟಿತು, ರೊಕ್ಕ ಮುಟ್ಟಿತು. ಹಳೆಯ ಕಾಗದಗಳಲ್ಲಿ ಎಲ್ಲರೂ ಸುಖವಾಗಿ ಮುಟ್ಟಿದೆವು ಎಂಬ ಸಾಲು ಇಲ್ಲದ ಕಾಗದವೇ ಕಡಿಮೆ. ಕೈಯಿಂದ ಸೋಕುವುದಕ್ಕೂ ಊರಿಗೆ ತಲುಪುವುದಕ್ಕೂ ಒಂದೇ ಮಾತು. ಬಜಪೆಯಲ್ಲಿ ಈ ಎರಡು ಅರ್ಥಗಳ ನಡುವೆ 158 ಜನ ಹೋದರು. ಹುಬ್ಬಳ್ಳಿಯಲ್ಲಿ ಆ ಹೆಣ್ಣುಮಕ್ಕಳು ಗಾಲಿ ಸೋಕಿದ ಕೂಡಲೇ ತಟ್ಟಲಿಲ್ಲ. ಬ್ರೇಕು ಬಿದ್ದು, ವೇಗ ಇಳಿದು, ಎರಡೂ ಅರ್ಥಗಳು ಒಂದಾದ ಮೇಲೆ ತಟ್ಟಿದರು. ನಮ್ಮ ಮೂವರಿಗಿಂತ ಅವರೇ ಲ್ಯಾಂಡಿಂಗನ್ನು ಸರಿಯಾಗಿ ಓದಿದ್ದರು.

ಸಾಂಚೆಸ್ ತಮ್ಮವರ ವಿಮಾನವನ್ನು ಬಸ್ಸು ಎಂದು ಕರೆದ ಇಪ್ಪತ್ತು ವರ್ಷಗಳ ಮೇಲೆ, 2003ರಲ್ಲಿ, ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರುಮಾಡಿದರು. ಬಸ್ಸಿನವರನ್ನು, ರೈಲಿನವರನ್ನು ವಿಮಾನ ಹತ್ತಿಸುವುದು ಅವರ ಮಾತಾಗಿತ್ತು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನೇ ಅದರ ಗುರುತಾದ. ಒಂದು ರೂಪಾಯಿ ಟಿಕೆಟ್ಟಿನ ಕತೆ ಮನೆಮಾತಾಯಿತು. ಆ ಕಂಪನಿ ಉಳಿಯಲಿಲ್ಲ. ಆದರೆ ನಮ್ಮ ಹಾರುವ ಬಸ್ಸು ಉಳಿಯಿತು. ಪುಣೆ, ದೆಹಲಿ, ಹೈದರಾಬಾದ್‌ಗಳಿಂದ ಹಬ್ಬಕ್ಕೆ, ಸೀಮಂತಕ್ಕೆ, ಹೊಲದ ಖಾತೆ ಬದಲಾವಣೆಗೆ ಊರಿಗೆ ಹೋಗಿಬರುವ ನಾವೆಲ್ಲ ಅದರ ಪ್ರಯಾಣಿಕರು.

ನಮ್ಮ ಸಾಹಿತ್ಯದಲ್ಲಿ ಈ ಬಸ್ಸು ಎಲ್ಲಿದೆ? ಕನ್ನಡದಲ್ಲಿ ದೂರಪ್ರಯಾಣದ ಬರಹಕ್ಕೆ ಕೊರತೆಯಿಲ್ಲ. ಗೋಕಾಕರ 'ಸಮುದ್ರದಾಚೆಯಿಂದ', ಕಾರಂತರ 'ಅಪೂರ್ವ ಪಶ್ಚಿಮ', ಮೂರ್ತಿರಾಯರ 'ಅಪರವಯಸ್ಕನ ಅಮೆರಿಕಾ ಯಾತ್ರೆ', ಬಿ.ಜಿ.ಎಲ್. ಸ್ವಾಮಿಯವರ 'ಅಮೆರಿಕದಲ್ಲಿ ನಾನು', ಗೋಪಿನಾಥರ ಊರಿನವರೇ ಆದ ರಾಮಸ್ವಾಮಿ ಅಯ್ಯಂಗಾರ್ಯರ 'ಅಮೆರಿಕಾದಲ್ಲಿ ಗೊರೂರು'. ಇವೆಲ್ಲ ಅತಿಥಿಯ ಪ್ರಯಾಣಗಳು. ಹೋದರು, ನೋಡಿದರು, ಮರಳಿದರು, ಬರೆದರು. ಇನ್ನೊಂದು ಕಡೆ ವಲಸೆಯ ಬರಹವಿದೆ. ಚಿತ್ತಾಲರ 'ಶಿಕಾರಿ'ಯ ನಾಗಪ್ಪ, ಕಾಯ್ಕಿಣಿಯವರ ಮುಂಬಯಿ ಕತೆಗಳ ಜನ. ಅವು ಮುಟ್ಟಿದ ಊರಿನ ಕತೆಗಳು. ವರ್ಷಕ್ಕೆ ನಾಲ್ಕು ಸಲ ಹೋಗಿಬಂದು, ಎಲ್ಲಿಯೂ ಪೂರ್ತಿ ಇಳಿಯದವರ ನಡುದಾರಿಯ ಬರಹವನ್ನು ನಾನು ಓದಿದ ಕನ್ನಡದಲ್ಲಿ ಕಂಡಿಲ್ಲ. ಏರ್ ಡೆಕ್ಕನ್ ಬಗ್ಗೆ ಗೋಪಿನಾಥರ ಆತ್ಮಕಥೆ ಇದೆ. ಬಸ್ಸು ಓಡಿಸಿದವರ ಕತೆ ಅದು. ಅದರಲ್ಲಿ ಕೂತವರ ಕತೆ ಬಾಕಿಯಿದೆ.

ಯಾಕೆ ಬಾಕಿ ಎಂದು ಯೋಚಿಸಿದರೆ ಉತ್ತರ ಮತ್ತೆ ಆ ನಗುವಿನ ಹತ್ತಿರವೇ ಬರುತ್ತದೆ. ನಾವು ವಿಮಾನದಲ್ಲಿ ಬಸ್ಸಿನವರ ಹಾಗೆ ಕಾಣಿಸಿಕೊಳ್ಳಲು ನಾಚುತ್ತೇವೆ. ಪಕ್ಕದವರ ಊರು ಕೇಳುವುದಿಲ್ಲ, ಬುತ್ತಿ ಬಿಚ್ಚಿದರೆ ವಾಸನೆಯ ಚಿಂತೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹುಬ್ಬಳ್ಳಿಯ ವಿಮಾನದಲ್ಲೂ ಫ್ರಾಂಕ್‌ಫರ್ಟ್‌ಗೆ ಹೊರಟವರ ಮುಖ ಮಾಡಿಕೊಂಡಿರುತ್ತೇವೆ. ಯಾವೂರು ಎಂದು ಕೇಳದ ವಿಮಾನದಲ್ಲಿ ಸಾಂಚೆಸರ ಆ ಹೆಂಗಸಿನ ಉತ್ತರ ಹುಟ್ಟುವುದಾದರೂ ಹೇಗೆ? ಪುಣೆಯಲ್ಲಿ ಹುಟ್ಟಿದ ನಮ್ಮ ಅಕ್ಕನ ಮಗಳನ್ನು ಯಾರಾದರೂ ಕೇಳಿದರೆ, ನಾವು ಧಾರವಾಡದವರು, ನಮ್ಮೂರು ಪುಣೆ ಎನ್ನುತ್ತಾಳೆ. ಕೇಳಿದವರು ತಿದ್ದುತ್ತಾರೆ. ತಿದ್ದಬಾರದಿತ್ತು.

ನನ್ನ ಅವ್ವ ಮೊದಲ ಸಲ ವಿಮಾನ ಹತ್ತಿದ್ದು 2007ರಲ್ಲಿ, ಬೆಂಗಳೂರಿನಿಂದ ದೆಹಲಿಗೆ, ನನ್ನ ಮನೆಗೆ. ಟಿಕೆಟ್ ನಾನೇ ತೆಗೆಸಿದ್ದೆ, ಕರೆದುಕೊಂಡು ಬರಲು ಹೋಗಿದ್ದೆ. ವಿಮಾನ ಇಳಿದಾಗ ಅವಳು ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಬರುವಾಗ ಬಾಗಿಲಲ್ಲಿ ನಿಂತು, ಬಗ್ಗಿ, ವಿಮಾನದ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಊರಿನ ಬಸ್ಸಿನ ಮೆಟ್ಟಿಲಿಗೂ ಅವಳು ಹಾಗೇ ಮಾಡುತ್ತಿದ್ದಳು. ಹಿಂದೆ ಸಾಲು ನಿಂತಿತ್ತು. ಸೂಟು ಹಾಕಿದವನೊಬ್ಬ ಗಡಿಯಾರ ನೋಡಿಕೊಂಡ. "ಲಗೂ ನಡಿ ಅವ್ವಾ, ಹಿಂದ ಮಂದಿ ನಿಂತಾರ" ಎಂದೆ. ಅವಳು ಏನೂ ಹೇಳದೆ ಸೆರಗು ಸರಿಮಾಡಿಕೊಂಡು ನಡೆದಳು. ಎರಡು ವರ್ಷ ಬಿಟ್ಟು ಮತ್ತೆ ಬಂದಳು. ಆ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಏನನ್ನೂ ಮುಟ್ಟಲಿಲ್ಲ, ನನ್ನ ಹಾಗೆ ನೇರ ಇಳಿದು ಬಂದಳು. ಅವಳಿಗೆ ವಿಮಾನ ರೂಢಿಯಾಯಿತು ಎಂದು ನಾನು ಹೆಮ್ಮೆಪಟ್ಟೆ. ರೂಢಿಯಾದದ್ದು ವಿಮಾನವಲ್ಲ, ನನ್ನ ನಾಚಿಕೆ ಎಂದು ತಿಳಿಯಲು ಹುಬ್ಬಳ್ಳಿಯ ಆ ಹೆಣ್ಣುಮಕ್ಕಳು ಬೇಕಾಯಿತು.

ಮುಂದಿನ ಸಲ ಯಾರಾದರೂ ತಟ್ಟಿದರೆ ನಾನೂ ತಟ್ಟುತ್ತೇನೆ ಎಂದು ಇಲ್ಲಿ ಬರೆದುಬಿಡಬಹುದು. ಅಷ್ಟು ಧೈರ್ಯವಿಲ್ಲ. ನಗುವುದಿಲ್ಲ ಎಂದಷ್ಟೇ ಹೇಳಬಲ್ಲೆ. ಅವ್ವ ಈಗ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ. ನಾನು ಹೊರಡುವ ಮುಂಜಾನೆಯೆಲ್ಲ ಒಂದೇ ಮಾತು, ಮುಟ್ಟಿದ ಮ್ಯಾಲೆ ಫೋನ್ ಮಾಡು. ವಿಮಾನ ಇನ್ನೂ ರನ್‌ವೇಯಿಂದ ಹೊರಳುತ್ತಿರುವಾಗಲೇ ನನ್ನ ಕೈ ಫೋನಿಗೆ ಹೋಗುತ್ತದೆ. ಸುತ್ತ ಎಲ್ಲರ ಕೈಯೂ ಹೋಗುತ್ತದೆ. ನೂರೆಂಬತ್ತು ಜನ ಬೇರೆ ಬೇರೆ ಭಾಷೆಗಳಲ್ಲಿ, ದನಿ ತಗ್ಗಿಸಿ, ಎಲ್ಲೋ ಕಾಯುತ್ತ ಕೂತ ಒಬ್ಬೊಬ್ಬರಿಗೆ ಅದೇ ಒಂದು ಮಾತು ಹೇಳುತ್ತಿರುತ್ತೇವೆ.